ಕೊಳೆತ ಮೇವಿನಿಂದ ಹೃದಯದ ಮಾತ್ರೆಗೆ: ಕಾರ್ಲ್ ಪಾಲ್ ಲಿಂಕ್

ಬೀದರ್ ನಗರದ ಗಾಂಧಿ ಗಂಜ ಧಾನ್ಯದ ಮಾರುಕಟ್ಟೆ. ತೊಗರಿ, ಕಡಲೆ, ಉದ್ದು, ಸೋಯಾ ಚೀಲಗಳಿರುವಲ್ಲಿ ಇಲಿಗಳಿರುತ್ತವೆ. ಇಲಿಗಳಿರುವಲ್ಲಿ ಇಲಿಪಾಷಾಣವೂ ಇರುತ್ತದೆ. ಇಂದು ಬಳಕೆಯಲ್ಲಿರುವ ಇಲಿಪಾಷಾಣಗಳ ಒಂದು ದೊಡ್ಡ ವರ್ಗಕ್ಕೂ, ಹೃದಯದ ಕವಾಟ ಬದಲಿಸಿಕೊಂಡು ಬಂದ ಭಾಲ್ಕಿಯ ಅಥವಾ ಔರಾದಿನ ರೋಗಿ ದಿನವೂ ನುಂಗುವ ಸಣ್ಣ ಮಾತ್ರೆಗೂ ಮೂಲ ಒಂದೇ. ಈ ಸಂಗತಿ ಕಿವಿಗೆ ಬಿದ್ದ ಕೂಡಲೇ ಹೆದರಿ ಮಾತ್ರೆ ಬಿಟ್ಟುಬಿಡುವವರಿದ್ದಾರೆ. ಲೋಹದ ಕವಾಟ ಇರುವವರು ಹಾಗೆ ಬಿಟ್ಟರೆ ಕವಾಟದ ಮೇಲೆಯೇ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಕವಾಟವನ್ನೇ ಕಟ್ಟಿಹಾಕಬಹುದು, ಮಿದುಳಿಗೆ ಹರಿದು ಲಕ್ವಾ ಹೊಡೆಸಬಹುದು. ಇಲಿಯನ್ನು ಕೊಲ್ಲುವ ವಸ್ತು ಮನುಷ್ಯನನ್ನು ಕಾಯುವುದು ಹೇಗೆ ಎಂಬ ಪ್ರಶ್ನೆಗೆ ಅಮೆರಿಕದ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್ ಅವರ ಬದುಕಿನಲ್ಲಿ ಉತ್ತರವಿದೆ.

ಲಿಂಕ್ ಹುಟ್ಟಿದ್ದು 1901ರ ಜನವರಿ 31ರಂದು, ಇಂಡಿಯಾನಾ ರಾಜ್ಯದ ಲಾ ಪೋರ್ಟ್ ಎಂಬ ಊರಿನಲ್ಲಿ. ತಂದೆ ಜರ್ಮನ್ ಮೂಲದ ಲೂಥರನ್ ಪಾದ್ರಿ. ಮನೆಯಲ್ಲಿ ಹತ್ತು ಮಕ್ಕಳು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೃಷಿ ರಸಾಯನಶಾಸ್ತ್ರ ಓದಿ 1925ರಲ್ಲಿ ಡಾಕ್ಟರೇಟ್ ಪಡೆದರು. ಬಳಿಕ ಯುರೋಪಿಗೆ ಹೋಗಿ, ಸೂಕ್ಷ್ಮ ಪ್ರಮಾಣದ ರಾಸಾಯನಿಕ ವಿಶ್ಲೇಷಣೆಗಾಗಿ ನೊಬೆಲ್ ಪಡೆದಿದ್ದ ಫ್ರಿಟ್ಜ್ ಪ್ರೆಗ್ಲ್ ಅವರ ಬಳಿ ಆಸ್ಟ್ರಿಯಾದಲ್ಲಿಯೂ, ಪಾಲ್ ಕಾರರ್ ಅವರ ಬಳಿ ಜ್ಯೂರಿಕ್‌ನಲ್ಲಿಯೂ ದುಡಿದರು. ಅಲ್ಲಿರುವಾಗಲೇ ಕ್ಷಯ ತಗುಲಿತು. ಚೇತರಿಸಿಕೊಂಡು 1927ರಲ್ಲಿ ವಿಸ್ಕಾನ್ಸಿನ್‌ಗೆ ಮರಳಿ ಅಧ್ಯಾಪಕರಾದರು. ಗಿಡಗಳಲ್ಲಿನ ಸಕ್ಕರೆಗಳ ರಸಾಯನ ಅವರ ವಿಷಯ. ರಕ್ತಕ್ಕೂ ಅವರಿಗೂ ಸಂಬಂಧವೇ ಇರಲಿಲ್ಲ.

ಸಂಬಂಧ ಬೆಸೆದದ್ದು ದನಗಳ ಒಂದು ರೋಗ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಉತ್ತರದ ಬಯಲುಗಳಲ್ಲಿ ದನಗಳು ಕಾರಣವಿಲ್ಲದೆ ರಕ್ತ ಸುರಿಸಿ ಸಾಯತೊಡಗಿದವು. ಕೊಂಬು ಕತ್ತರಿಸಿದರೂ ಸಾಕು, ರಕ್ತ ನಿಲ್ಲುತ್ತಿರಲಿಲ್ಲ. ಸ್ವೀಟ್ ಕ್ಲೋವರ್ ಎಂಬ ಸುವಾಸನೆಯ ಮೇವು ಬೂಸ್ಟು ಹಿಡಿದಾಗ ಹೀಗಾಗುತ್ತದೆಂದು ಕೆನಡಾದ ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ಗುರುತಿಸಿದರು. ಹಸಿಯಾಗಿ ತಿಂದರೆ ಏನೂ ಆಗದು. ಒದ್ದೆಯಾಗಿ ಕೊಳೆತರೆ ಮಾತ್ರ ವಿಷ. ದೇವಣಿ ತಳಿಯ ದನಗಳ ಸೀಮೆಯಾದ, ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯವೂ ಇರುವ ಬೀದರ್ ಜಿಲ್ಲೆಯಲ್ಲಿ ಬೂಸ್ಟು ಹಿಡಿದ ಮೇವಿನ ಅಪಾಯವನ್ನು ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಮೇವಿನೊಳಗಿನ ವಿಷ ಯಾವುದೆಂಬುದು ಆಗ ಯಾರಿಗೂ ಗೊತ್ತಿರಲಿಲ್ಲ. ಬರಗಾಲದ ಅಂಚಿನಲ್ಲಿದ್ದ ರೈತರಿಗೆ ಆ ಮೇವನ್ನು ಎಸೆದು ಬೇರೆ ಕೊಳ್ಳುವ ಶಕ್ತಿಯೂ ಇರಲಿಲ್ಲ.

1933ರ ಫೆಬ್ರವರಿಯ ಒಂದು ಶನಿವಾರ. ಹಿಮದ ಬಿರುಗಾಳಿಯಲ್ಲಿ ಎಡ್ ಕಾರ್ಲ್‌ಸನ್ ಎಂಬ ರೈತ ಸುಮಾರು 300 ಕಿಲೋಮೀಟರ್ ದೂರದ ಡೀರ್ ಪಾರ್ಕ್‌ನಿಂದ ಟ್ರಕ್ಕಿನಲ್ಲಿ ಮ್ಯಾಡಿಸನ್ ನಗರಕ್ಕೆ ಬಂದ. ಪಶುವೈದ್ಯರ ಕಚೇರಿಗೆ ಬೀಗ. ತೆರೆದಿದ್ದ ಬಾಗಿಲು ಲಿಂಕ್ ಅವರ ಪ್ರಯೋಗಾಲಯದ್ದೊಂದೇ. ಸತ್ತ ಕಡಸು, ಹಾಲಿನ ಕ್ಯಾನಿನ ತುಂಬ ಹೆಪ್ಪುಗಟ್ಟದ ರಕ್ತ, ಸುಮಾರು 45 ಕಿಲೋ ಕೊಳೆತ ಮೇವು — ಇಷ್ಟನ್ನು ಆತ ಅವರ ಮುಂದಿಟ್ಟ. ಆ ಮೇವು ಹಾಕುವುದನ್ನು ನಿಲ್ಲಿಸಬೇಕು, ಸಾಧ್ಯವಾದರೆ ಉಳಿದ ದನಗಳಿಗೆ ರಕ್ತ ಕೊಡಿಸಬೇಕು ಎನ್ನುವುದನ್ನು ಬಿಟ್ಟು ಬೇರೇನನ್ನೂ ಹೇಳಲು ಲಿಂಕ್ ಅವರಿಂದಾಗಲಿಲ್ಲ. ರೈತ ಬರಿಗೈಯಲ್ಲಿ ಮರಳಿದ. ಲಿಂಕ್ ಮತ್ತು ಅವರ ಜರ್ಮನ್ ಶಿಷ್ಯ ಶೋಫೆಲ್ ಆ ರಕ್ತದ ಕ್ಯಾನಿನ ಮುಂದೆ ಉಳಿದರು. ಕೆಲಸ ಅಂದೇ ಆರಂಭವಾಯಿತು.

ವಿಷ ಕೈಗೆ ಸಿಗಲು ಆರು ವರ್ಷ ಹಿಡಿಯಿತು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಸೆಕೆಂಡುಗಳಲ್ಲಿ ಅಳೆಯುವ ಪ್ರೋಥ್ರೊಂಬಿನ್ ಪರೀಕ್ಷೆಯನ್ನು ವಿಸ್ಕಾನ್ಸಿನ್‌ನವರೇ ಆದ ಆರ್ಮಂಡ್ ಕ್ವಿಕ್ 1935ರಲ್ಲಿ ಪ್ರಕಟಿಸಿದ್ದರು. ಲಿಂಕ್ ಅವರ ತಂಡ ಇಂಥದೇ ಪರೀಕ್ಷೆಯನ್ನು ತಮಗೆ ಬೇಕಾದಂತೆ ಮಾರ್ಪಡಿಸಿ, ಮೇವಿನಿಂದ ತೆಗೆದ ಒಂದೊಂದು ಸಾರವನ್ನೂ ಮೊಲಗಳಿಗೆ ತಿನ್ನಿಸಿ ರಕ್ತ ನೋಡುತ್ತಾ ಹೋಯಿತು. ಈ ಅಳತೆ ಇಲ್ಲದಿದ್ದರೆ ಸಂಶೋಧನೆ ಮುಂದೆ ಸಾಗುತ್ತಲೇ ಇರಲಿಲ್ಲ. 1939ರ ಜೂನ್‌ನಲ್ಲಿ ಹೆರಾಲ್ಡ್ ಕ್ಯಾಂಪ್‌ಬೆಲ್ ಎಂಬ ಶಿಷ್ಯ ಸೂಕ್ಷ್ಮದರ್ಶಕದಡಿ ವಿಷದ ಹರಳುಗಳನ್ನು ಕಂಡರು. ಮೇವಿಗೆ ಸುವಾಸನೆ ಕೊಡುವ ಕೂಮರಿನ್ ಎಂಬ ನಿರುಪದ್ರವಿ ವಸ್ತುವೇ ಬೂಸ್ಟಿನ ಕೈಗೆ ಸಿಕ್ಕಿ ರೂಪಾಂತರಗೊಂಡಿತ್ತು. ಮಾರ್ಕ್ ಸ್ಟಾಹ್ಮನ್, ಚಾರ್ಲ್ಸ್ ಹ್ಯೂಬ್ನರ್ ಮೊದಲಾದ ಶಿಷ್ಯರ ಶ್ರಮದಿಂದ ಅದರ ರಚನೆ ತಿಳಿಯಿತು. 1940ರಲ್ಲಿ ಪ್ರಯೋಗಾಲಯದಲ್ಲೇ ತಯಾರಾಯಿತು. ಅದಕ್ಕೆ ಡೈಕೂಮರಾಲ್ ಎಂಬ ಹೆಸರು ಬಂತು.

ರಕ್ತ ತೆಳು ಮಾಡುವ ಮಾತ್ರೆ ಎಂಬುದು ರೂಢಿಯ ಮಾತಷ್ಟೇ. ಈ ಮಾತ್ರೆಯಿಂದ ರಕ್ತ ನೀರಾಗುವುದಿಲ್ಲ. ಹೆಪ್ಪುಗಟ್ಟಿಸುವ ಕೆಲವು ಅಂಶಗಳನ್ನು ಯಕೃತ್ತು ಸಿದ್ಧಪಡಿಸಲು ವಿಟಮಿನ್ ಕೆ ಬೇಕು; ಮಾತ್ರೆ ಅದಕ್ಕೆ ಅಡ್ಡಬರುತ್ತದೆ. ವಿಟಮಿನ್ ಕೆ ಕೊಟ್ಟರೆ ಈ ಔಷಧದ ಪರಿಣಾಮ ತಗ್ಗುತ್ತದೆಂಬುದನ್ನು ಲಿಂಕ್ ಅವರ ಪ್ರಯೋಗಾಲಯ ಬಹುಬೇಗ ಕಂಡುಕೊಂಡಿತು. ಸೊಪ್ಪು ತಿನ್ನಬಹುದೇ ಎಂಬ ರೋಗಿಗಳ ನಿತ್ಯದ ಪ್ರಶ್ನೆಗೆ ಬುಡ ಇಲ್ಲಿದೆ. ಹಸಿರು ಸೊಪ್ಪುಗಳಲ್ಲಿ ಈ ವಿಟಮಿನ್ ಹೇರಳ. ಹಾಗೆಂದು ಪುಂಡಿ ಪಲ್ಯ, ಮೆಂತ್ಯ, ಪಾಲಕ್‌ಗಳನ್ನು ಊಟದಿಂದ ಹೊರಹಾಕಬೇಕಿಲ್ಲ. ವಾರವೆಲ್ಲ ಬಿಟ್ಟು ಒಂದೇ ದಿನ ರಾಶಿ ತಿನ್ನುವುದು ಕೂಡದು. ತಿನ್ನುವಷ್ಟನ್ನು ಸರಿಸುಮಾರು ಒಂದೇ ಪ್ರಮಾಣದಲ್ಲಿ ತಿನ್ನುತ್ತಿದ್ದರೆ ಅದಕ್ಕೆ ತಕ್ಕಂತೆ ವೈದ್ಯರು ಮಾತ್ರೆಯ ಪ್ರಮಾಣ ಹೊಂದಿಸುತ್ತಾರೆ.

ನೋವಿನ ಮಾತ್ರೆಯ ವಿಷಯದಲ್ಲೂ ಲಿಂಕ್ ಅವರ ಕೊಡುಗೆ ಇದೆ, ಇದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಆಸ್ಪಿರಿನ್‌ನ ಸಂಬಂಧಿಯಾದ ಸ್ಯಾಲಿಸಿಲಿಕ್ ಆಮ್ಲವೂ ಹೆಪ್ಪುಗಟ್ಟುವುದನ್ನು ನಿಧಾನಿಸುತ್ತದೆಂದು 1943ರಲ್ಲಿ ಅವರ ತಂಡ ಇಲಿಗಳಲ್ಲಿ ತೋರಿಸಿತು. ಆಸ್ಪಿರಿನ್ ಮುಖ್ಯವಾಗಿ ರಕ್ತದ ಕಿರುಬಿಲ್ಲೆಗಳ ಮೇಲೆ ಕೆಲಸ ಮಾಡುವ ಬೇರೆಯೇ ಔಷಧವೆಂಬುದು ಮುಂದೆ ಗೊತ್ತಾಯಿತು. ಹೃದಯಾಘಾತವಾದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಇಂದು ಸಾಮಾನ್ಯವಾಗಿ ಕೊಡುವುದು ಆ ಬಗೆಯದು. ಎರಡನ್ನೂ ಜನ ಒಂದೇ ಹೆಸರಿನಿಂದ ಕರೆಯುವುದು ಗೊಂದಲಕ್ಕೆ ದಾರಿ. ಕೂಮರಿನ್ ವರ್ಗದ ಮಾತ್ರೆ ತೆಗೆದುಕೊಳ್ಳುವವರು ಮೊಣಕಾಲು ನೋವಿಗೆಂದು ಅಂಗಡಿಯಿಂದ ತಾವೇ ಗುಳಿಗೆ ತಂದು ನುಂಗಿದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು.

1941ರಿಂದ ಡೈಕೂಮರಾಲ್ ಆಸ್ಪತ್ರೆಗಳಿಗೆ ಬಂತು. ಮೇಯೊ ಕ್ಲಿನಿಕ್ ಮೊದಲಾದೆಡೆ ಪ್ರಯೋಗಗಳಾದವು. ಇದೇ ಅವಧಿಯಲ್ಲಿ, ಅಂದರೆ 1943ರ ನೊಬೆಲ್, ವಿಟಮಿನ್ ಕೆ ಸಂಶೋಧಿಸಿದ ಡ್ಯಾಮ್ ಮತ್ತು ಡಾಯ್ಸಿ ಅವರಿಗೆ ಸಂದಿತು. ರಕ್ತ ಹೆಪ್ಪುಗಟ್ಟಿಸುವ ವಸ್ತು ಕಂಡವರಿಗೆ ಸಿಕ್ಕ ಆ ಗೌರವ, ಅದಕ್ಕೆ ಕಡಿವಾಣ ಹಾಕುವ ವಸ್ತು ಕಂಡವರಿಗೆ ಕೊನೆಗೂ ಸಿಗಲಿಲ್ಲ.

1945ರಲ್ಲಿ ಹಳೆಯ ಕ್ಷಯ ಮರುಕಳಿಸಿತು. ತಿಂಗಳುಗಟ್ಟಲೆ ಆರೋಗ್ಯಧಾಮದಲ್ಲಿ ಮಲಗಿದ್ದ ಲಿಂಕ್ ಕಾಲ ಕಳೆಯಲು ಇಲಿಗಳ ನಿಯಂತ್ರಣದ ಇತಿಹಾಸ ಓದಿದರು. ಡೈಕೂಮರಾಲ್‌ಗಿಂತ ಪ್ರಬಲವಾದ ಒಂದು ರೂಪ ಇಲಿಗಳಿಗೆ ತಕ್ಕುದೆಂಬ ಯೋಚನೆ ಹೊಳೆಯಿತು. ತಂಡ ತಯಾರಿಸಿದ್ದ ನೂರಾರು ಸಂಯುಕ್ತಗಳ ಸಾಲಿನ 42ನೆಯದು ಆಯ್ಕೆಯಾಯಿತು. ಸಂಶೋಧನೆಗೆ ಹಣ ಒದಗಿಸಿದ ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಪ್ರತಿಷ್ಠಾನದ ಇಂಗ್ಲಿಷ್ ಆದ್ಯಕ್ಷರಗಳಿಗೆ ಕೂಮರಿನ್‌ನ ಬಾಲ ಜೋಡಿಸಿ ವಾರ್ಫರಿನ್ ಎಂದು ಹೆಸರಿಡಲಾಯಿತು. 1948ರಲ್ಲಿ ಅದು ಇಲಿಪಾಷಾಣವಾಗಿ ಮಾರುಕಟ್ಟೆಗೆ ಬಂತು. ಕೆಲವು ದಿನ ಮೇಲಿಂದ ಮೇಲೆ ತಿಂದರೆ ಇಲಿ ಒಳಗೊಳಗೇ ರಕ್ತ ಸುರಿದು ಸಾಯುತ್ತದೆ. ತಿಂದ ಕೂಡಲೇ ಏನೂ ಆಗದ ಕಾರಣ ಉಳಿದವಕ್ಕೆ ಅನುಮಾನ ಬರುವುದಿಲ್ಲ.

ಇಲಿಗೆ ಹಾಕುವುದನ್ನು ಮನುಷ್ಯನಿಗೆ ಕೊಡಲು ವೈದ್ಯರು ಹಿಂಜರಿದದ್ದು ಸಹಜ. 1951ರಲ್ಲಿ ಆತ್ಮಹತ್ಯೆಗೆಂದು 567 ಮಿಲಿಗ್ರಾಂ ವಾರ್ಫರಿನ್ ತಿಂದ ಅಮೆರಿಕದ ಸೇನೆಯ ಯುವಕನೊಬ್ಬ ರಕ್ತ ಮತ್ತು ವಿಟಮಿನ್ ಕೆ ಚಿಕಿತ್ಸೆಯಿಂದ ಪೂರ್ತಿ ಗುಣಮುಖನಾದ. ಇಂದು ರೋಗಿಗಳು ದಿನಕ್ಕೆ ತೆಗೆದುಕೊಳ್ಳುವುದು ಸಾಮಾನ್ಯವಾಗಿ ಕೆಲವೇ ಮಿಲಿಗ್ರಾಂ. ಪ್ರತ್ಯೌಷಧ ಇದೆ, ಅಳೆಯಲು ಪರೀಕ್ಷೆ ಇದೆ ಎಂಬ ಧೈರ್ಯ ಬಂದ ಮೇಲೆ 1954ರಲ್ಲಿ ವಾರ್ಫರಿನ್‌ಗೆ ಔಷಧವಾಗಿ ಒಪ್ಪಿಗೆ ಸಿಕ್ಕಿತು. ಮರುವರ್ಷ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಹೃದಯಾಘಾತಕ್ಕೊಳಗಾದಾಗ ಅವರಿಗೂ ಅದನ್ನೇ ಕೊಟ್ಟರು. ಜನರ ಅಂಜಿಕೆ ಕಳೆಯಲು ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

ಲಿಂಕ್ ಸ್ವಭಾವತಃ ಯಾರಿಗೂ ಬಗ್ಗುವವರಲ್ಲ. ಉದ್ದನೆಯ ಮೇಲಂಗಿ, ದೊಡ್ಡ ಬೋ ಟೈಗಳ ವಿಲಕ್ಷಣ ಉಡುಪಿನಿಂದ ಆವರಣದಲ್ಲಿ ಎದ್ದು ಕಾಣುತ್ತಿದ್ದರು. ಕಮ್ಯುನಿಸ್ಟರ ಬೇಟೆಗೆ ಹೆಸರಾದ ಸೆನೆಟರ್ ಜೋಸೆಫ್ ಮೆಕಾರ್ಥಿ ವಿಸ್ಕಾನ್ಸಿನ್‌ನವರೇ. ಆ ಕಾಲದಲ್ಲೂ ಎಡಪಂಥೀಯ ವಿದ್ಯಾರ್ಥಿಗಳ ಬೆನ್ನಿಗೆ ಲಿಂಕ್ ನಿಂತರು. 1955 ಮತ್ತು 1960ರಲ್ಲಿ ಲಾಸ್ಕರ್ ಪ್ರಶಸ್ತಿ ದೊರೆಯಿತು. 1971ರಲ್ಲಿ ನಿವೃತ್ತರಾಗಿ, 1978ರ ನವೆಂಬರ್ 21ರಂದು ನಿಧನರಾದರು. ವಾರ್ಫರಿನ್ ಯಾವ ಕಿಣ್ವವನ್ನು ತಡೆದು ಕೆಲಸ ಮಾಡುತ್ತದೆಂಬುದನ್ನು ಅದೇ ವಿಶ್ವವಿದ್ಯಾಲಯದ ಜಾನ್ ಸಟ್ಟಿ ಅವರ ತಂಡ ವಿವರಿಸಿದ್ದೂ ಆ ವರ್ಷವೇ.

ಅವರ ನಂತರ ಬದಲಾದದ್ದು ಮುಖ್ಯವಾಗಿ ಅಳತೆ. ಒಂದೊಂದು ಪ್ರಯೋಗಾಲಯದಲ್ಲಿ ಒಂದೊಂದು ಫಲಿತಾಂಶ ಬರುತ್ತಿದ್ದ ಪರೀಕ್ಷೆಯನ್ನು 1980ರ ದಶಕದಲ್ಲಿ ಐಎನ್‌ಆರ್ ಎಂಬ ಏಕರೂಪದ ಅಂಕಿಗೆ ತರಲಾಯಿತು. ಔಷಧ ತೆಗೆದುಕೊಳ್ಳದವರಲ್ಲಿ ಅದು ಸುಮಾರು 1. ಹೃದಯದ ಬಡಿತ ತಾಳತಪ್ಪಿದವರಲ್ಲಿ 2ರಿಂದ 3, ಎಡಭಾಗದ ಮೈಟ್ರಲ್ ಕವಾಟ ಲೋಹದ್ದಾಗಿದ್ದರೆ ಸಾಮಾನ್ಯವಾಗಿ 2.5ರಿಂದ 3.5. ಇದಕ್ಕಿಂತ ಕೆಳಗೆ ಹೆಪ್ಪಿನ ಭಯ, ಮೇಲೆ ರಕ್ತಸ್ರಾವದ ಭಯ. ಭಾರತದಲ್ಲಿ ವಾರ್ಫರಿನ್ ಜೊತೆಗೆ ಅದೇ ವರ್ಗದ ಅಸಿನೊಕೂಮರಾಲ್ ಕೂಡ ವ್ಯಾಪಕ ಬಳಕೆಯಲ್ಲಿದೆ. ಎರಡಕ್ಕೂ ಪರೀಕ್ಷೆ ಒಂದೇ. ಕಲಬುರಗಿಗೋ ಹೈದರಾಬಾದಿಗೋ ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದವರು ಊರಿಗೆ ಮರಳಿದ ಮೇಲೆ ತಿಂಗಳುಗಟ್ಟಲೆ ರಕ್ತ ತೋರಿಸದೆ ಹಳೆಯ ಚೀಟಿಯ ಮೇಲೆಯೇ ಮಾತ್ರೆ ಕೊಳ್ಳುವುದು, ಮಾತ್ರೆ ಬಿಟ್ಟಷ್ಟೇ ಅಪಾಯ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬಾರದು. ಹಲ್ಲು ಕೀಳಿಸುವ ಮುನ್ನ, ಗರ್ಭ ಧರಿಸುವ ಯೋಚನೆ ಇರುವಾಗ ವೈದ್ಯರಿಗೆ ಮೊದಲೇ ತಿಳಿಸಬೇಕು. ಗರ್ಭದ ಮೊದಲ ತಿಂಗಳುಗಳಲ್ಲಿ ಈ ಔಷಧ ಶಿಶುವಿಗೆ ಹಾನಿ ಮಾಡಬಲ್ಲದು. ಮಲ ಕಪ್ಪಾದರೆ, ತಲೆಗೆ ಪೆಟ್ಟು ಬಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪದೇ ಪದೇ ರಕ್ತಪರೀಕ್ಷೆ ಬೇಡದ ಹೊಸ ಮಾತ್ರೆಗಳು 2008ರಿಂದ ಬಂದಿವೆ. ಅನೇಕ ರೋಗಿಗಳಿಗೆ ಅವು ಅನುಕೂಲವೇ. ಆದರೆ ಲೋಹದ ಕವಾಟದವರಲ್ಲಿ ಡಾಬಿಗಾಟ್ರಾನ್ ಪರೀಕ್ಷಿಸಿದಾಗ ಹೆಪ್ಪುಗಳೂ ರಕ್ತಸ್ರಾವವೂ ಹೆಚ್ಚಾದ್ದರಿಂದ ಆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಸಂಧಿವಾತ ಜ್ವರದಿಂದ ಕವಾಟ ಕೆಟ್ಟು ಹೃದಯದ ತಾಳ ತಪ್ಪಿದವರಲ್ಲಿ ನಡೆಸಿ 2022ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲೂ ಹೊಸದಾದ ರಿವರಾಕ್ಸಬಾನ್‌ಗಿಂತ ಹಳೆಯ ವರ್ಗದ ಮಾತ್ರೆಗಳೇ ಮೇಲಾದವು; ಅವುಗಳನ್ನು ಪಡೆದವರಲ್ಲಿ ಸಾವು ಕಡಿಮೆಯಿತ್ತು. ಈ ಎರಡು ಬಗೆಯ ರೋಗಿಗಳಿಗೆ ವೈದ್ಯರು ಇಂದಿಗೂ ಬರೆಯುವುದು ಲಿಂಕ್ ಅವರ ಪ್ರಯೋಗಾಲಯದಿಂದ ಹೊರಟ ವರ್ಗದ ಮಾತ್ರೆಯನ್ನೇ.