ಕೊಳೆರೋಗಕ್ಕೆ ಮದ್ದು ತೋರಿದ ಕೋಲ್ಮನ್

ಮೋಡ ಕವಿದು ನಾಲ್ಕು ದಿನ ಜಡಿಮಳೆ ಹಿಡಿಯಿತೆಂದರೆ ಕೋಲಾರ ತಾಲ್ಲೂಕಿನ ಕ್ಯಾಲನೂರು ಸೀಮೆಯ ರೈತನಿಗೆ ಎರಡು ಆತಂಕ. ಟೊಮೆಟೊಗೆ ಅಂಗಮಾರಿ ತಗಲೀತು, ರಾಗಿಗೆ ಬೆಂಕಿರೋಗ ಬಂದೀತು ಎಂಬ ಚಿಂತೆ. ಅದೇ ಹೊತ್ತಿಗೆ ಬೆಂಗಳೂರಿನ ಬಡಾವಣೆಗಳ ಮನೆಯಂಗಳದ ಹುಲ್ಲುಹಾಸಿನಲ್ಲಿ ಕಂದು ಮಚ್ಚೆಗಳು ಏಳುತ್ತವೆ. ಮಲೆನಾಡಿನಲ್ಲಿ ಎಳೆಯ ಅಡಿಕೆ ಉದುರತೊಡಗುತ್ತದೆ. ಬೆಳೆ ಬೇರೆಯಾದರೂ ಇವೆಲ್ಲವೂ ತೇವದಲ್ಲಿ ಹಬ್ಬುವ ಸೂಕ್ಷ್ಮಜೀವಿಗಳ ಕೆಲಸ. ಇಂಥ ರೋಗ ಬಂದ ಮೇಲೆ ಪರದಾಡುವ ಬದಲು ಬರುವ ಮುನ್ನವೇ ತಡೆಯಬಹುದೆಂದು ಮೈಸೂರು ಸಂಸ್ಥಾನದ ರೈತರಿಗೆ ಪ್ರಯೋಗದ ಮೂಲಕ ತೋರಿಸಿಕೊಟ್ಟವರು ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೆನಡಾದಿಂದ ಹೆಬ್ಬಾಳಕ್ಕೆ

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದ ಅವರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿದರು. ಶಿಲೀಂಧ್ರಗಳು ಮತ್ತು ಕೀಟಗಳು, ಎರಡರ ಅಧ್ಯಯನವೂ ಅವರೊಬ್ಬರ ಹೆಗಲಿಗೇ ಬಿತ್ತು.

ಆ ವೇಳೆಗೆ ಹೆಬ್ಬಾಳದಲ್ಲಿ ಕೃಷಿ ಸಂಶೋಧನೆಗೆ ನೆಲ ಸಿದ್ಧವಾಗಿತ್ತು. ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನ ಮಹಾರಾಣಿಯವರು 1899ರಲ್ಲಿ ಅಲ್ಲಿ 30 ಎಕರೆ ಜಮೀನು ನೀಡಿದ್ದರು; ರಸಾಯನ ವಿಜ್ಞಾನಿ ಲೆಹ್ಮನ್ ಪ್ರಯೋಗಗಳನ್ನು ಆರಂಭಿಸಿದ್ದರು. ಆದರೆ ಕೋಲ್ಮನ್ ಅವರಿಗೆ ಎದುರಾದ ಮೊದಲ ದೊಡ್ಡ ಸವಾಲು ಹೆಬ್ಬಾಳದ್ದಲ್ಲ, ಮಲೆನಾಡಿನದು.

ಅಡಿಕೆ ಉದುರಿಸುವ ಶತ್ರು

ಮಳೆ ಬಿಡದೆ ಸುರಿದ ವರ್ಷಗಳಲ್ಲಿ ಕೊಳೆರೋಗವು ಕೆಲವು ತೋಟಗಳಲ್ಲಿ ಇಡೀ ಫಸಲನ್ನೇ ನುಂಗುತ್ತಿತ್ತು. ಅಡಿಕೆಯನ್ನೇ ನಂಬಿದ ಮನೆಗೆ ಅದು ವರ್ಷದ ಅನ್ನದ ಪ್ರಶ್ನೆ. ಹಾಳೆ, ಹುಲ್ಲುಗಳಿಂದ ಕೊಟ್ಟೆ ಮಾಡಿ ಕೊನೆಗಳಿಗೆ ಕಟ್ಟಿ ಮಳೆನೀರು ತಾಗದಂತೆ ನೋಡಿಕೊಳ್ಳುವುದು ಹಿರಿಯರು ಕಂಡುಕೊಂಡಿದ್ದ ದಾರಿ. ಉಪಾಯ ಒಳ್ಳೆಯದೇ. ಆದರೆ ಪ್ರತಿ ಮರ ಹತ್ತಿ ಕಟ್ಟಿಸಬೇಕಾಗಿದ್ದರಿಂದ ಅದರ ಶ್ರಮ, ಖರ್ಚು ಎರಡೂ ಹೆಚ್ಚು.

ಕೋಲ್ಮನ್ ರೋಗದ ಮೂಲವನ್ನೇ ಹುಡುಕಿದರು. ಫೈಟಾಫ್ಥೊರಾ ಎಂಬ ಕುಲಕ್ಕೆ ಸೇರಿದ ಜೀವಿಯೇ ಇದಕ್ಕೆ ಕಾರಣವೆಂದು ತೋರಿಸಿ, 1910ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಐರ್ಲೆಂಡಿನಲ್ಲಿ ಆಲೂಗೆಡ್ಡೆ ಕ್ಷಾಮಕ್ಕೆ ಕಾರಣವಾದ ಮತ್ತು ಇಂದು ಕೋಲಾರದ ಟೊಮೆಟೊವನ್ನು ಕಾಡುವ ಅಂಗಮಾರಿಯ ಜೀವಿಯೂ ಇದೇ ಕುಲದ್ದು. ಇವು ನಿಜವಾದ ಶಿಲೀಂಧ್ರಗಳಲ್ಲ, ನೀರಿನಲ್ಲಿ ಈಜುವ ಬೀಜಕಣಗಳುಳ್ಳ ಬೇರೆಯೇ ಗುಂಪಿನವು ಎಂದು ವಿಜ್ಞಾನ ಈಗ ವಿಂಗಡಿಸಿದೆ. ಮಳೆಗೂ ರೋಗಕ್ಕೂ ಇರುವ ನಂಟು ಇದರಿಂದ ಇನ್ನಷ್ಟು ಸ್ಪಷ್ಟವಾಗುತ್ತದೆ.

ಮೈಲುತುತ್ತ ಮತ್ತು ಸುಣ್ಣ

ಮದ್ದಿಗಾಗಿ ಕೋಲ್ಮನ್ ಆಯ್ದುಕೊಂಡದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಆಕಸ್ಮಿಕವಾಗಿ ದೊರೆತ ಬೋರ್ಡೊ ದ್ರಾವಣವನ್ನು. ದಾರಿಹೋಕರು ಹಣ್ಣು ಕದಿಯದಿರಲೆಂದು ರೈತರು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣದ ನೀರು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗಲದಿರುವುದನ್ನು ಗಮನಿಸಿದ ಮಿಲಾರ್ಡೆ ಎಂಬ ವಿಜ್ಞಾನಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದ್ದರು.

ಮಲೆನಾಡಿನ ಮಳೆ ಫ್ರಾನ್ಸಿನ ಮಳೆಯಂತಲ್ಲ. ಸಿಂಪಡಿಸಿದ್ದು ಮರುಗಳಿಗೆಗೇ ತೊಳೆದುಹೋಗಬಾರದು. ಅದಕ್ಕಾಗಿ ರಾಳದ ಅಂಟನ್ನು ಬೆರೆಸುವ ಕ್ರಮ ಬಂದಿತು. ಇಂದು ಶೇಕಡ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕಿಲೊ ಮೈಲುತುತ್ತ ಮತ್ತು ಸುಣ್ಣ ಬಳಸುವುದು ವಾಡಿಕೆ. ಎರಡನ್ನೂ ಬೇರೆ ಬೇರೆ ಕರಗಿಸಿ ಬಳಿಕ ಕೂಡಿಸಬೇಕು. ಹೊಳಪಿನ ಚಾಕುವನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ. ಅಂಥ ದ್ರಾವಣ ಗಿಡವನ್ನೇ ಸುಟ್ಟೀತು.

ಈ ಮದ್ದಿನ ಗುಟ್ಟು ಅಡಗಿರುವುದು ಕಾಲದಲ್ಲಿ. ತಾಮ್ರದ ಲೇಪ ಕಾಯಿಯೊಳಗೆ ಇಳಿದ ರೋಗವನ್ನು ವಾಸಿ ಮಾಡದು, ಹೊರಗಿನಿಂದ ಬರುವುದನ್ನಷ್ಟೇ ತಡೆಯುತ್ತದೆ. ಆದ್ದರಿಂದ ಮುಂಗಾರು ಬಲಗೊಳ್ಳುವ ಮುನ್ನ ಒಮ್ಮೆ, ಸುಮಾರು 40-45 ದಿನಗಳ ಬಳಿಕ ಮತ್ತೊಮ್ಮೆ ಕೊನೆಗೌಡ ಮರ ಹತ್ತಲೇಬೇಕು. ರೋಗ ತಗಲಿದ ಕೊನೆ, ಉದುರಿದ ಕಾಯಿಗಳನ್ನು ಆರಿಸಿ ನಾಶಪಡಿಸದಿದ್ದರೆ ಅವೇ ಮುಂದಿನ ರೋಗಕ್ಕೆ ಬೀಜವಾಗುತ್ತವೆ.

ಸಂಸ್ಥೆಗಳ ಶಿಲ್ಪಿ

ಮೈಸೂರು ಕೃಷಿ ಇಲಾಖೆಯ ಮೊದಲ ನಿರ್ದೇಶಕರಾದ ಕೋಲ್ಮನ್ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. 1913ರಲ್ಲಿ ಹೆಬ್ಬಾಳದಲ್ಲಿ ಕೃಷಿ ಶಾಲೆ ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಹುಟ್ಟಿತು. ಮಂಡ್ಯ ಸೀಮೆಯಲ್ಲಿ ಕಬ್ಬಿನ ಬೇಸಾಯ ಹರಡಲು ಮತ್ತು 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ತಲೆಯೆತ್ತಲು ಅವರ ದುಡಿಮೆ ಬಲವಾಗಿ ಒದಗಿತು. ಜೋಳದ ಹೊಲಗಳನ್ನು ಬೋಳಿಸುತ್ತಿದ್ದ, ರೆಕ್ಕೆಯಿಲ್ಲದ ದಖನ್ ಮಿಡತೆಯನ್ನೂ ಅವರು ಅಭ್ಯಸಿಸಿದರು. ಅದರ ಕುಲಕ್ಕೆ ಕೋಲ್ಮೇನಿಯಾ ಎಂದು ಅವರ ಹೆಸರನ್ನೇ ಇಡಲಾಗಿದೆ. ಬಯಲುಸೀಮೆಯ ಅನ್ನವಾದ ರಾಗಿಯ ಬೇಸಾಯ ಕುರಿತು 1920ರಲ್ಲಿ ಪುಸ್ತಿಕೆಯೊಂದನ್ನು ಹೊರತಂದರು.

ರಾಗಿಯೂ ಅಂಗಳದ ಹುಲ್ಲೂ ಒಂದೇ ಸಸ್ಯಕುಟುಂಬದವು. ರಾಗಿಯ ಕುತ್ತಿಗೆ, ಇಲುಕುಗಳನ್ನು ಸುಡುವ ಬೆಂಕಿರೋಗದ ಪೈರಿಕುಲೇರಿಯಾ ಕುಲದ ಶಿಲೀಂಧ್ರವೇ ಕೆಲವು ಜಾತಿಯ ಹುಲ್ಲುಹಾಸಿನಲ್ಲಿ ಬೂದು ಎಲೆಚುಕ್ಕೆ ತರುತ್ತದೆ. ಜಿಪಿಯು-28ರಂಥ ರೋಗನಿರೋಧಕ ತಳಿ, ಬೀಜೋಪಚಾರ ಮತ್ತು ಹಿತಮಿತವಾದ ಸಾರಜನಕ ಗೊಬ್ಬರ ರಾಗಿಗೆ ರಕ್ಷೆ. ಹುಲ್ಲುಹಾಸಿಗಾದರೆ ಸಂಜೆಯ ಬದಲು ಮುಂಜಾನೆ ನೀರುಣಿಸಬೇಕು. ರಾತ್ರಿಯಿಡೀ ಎಲೆ ಒದ್ದೆಯಾಗಿದ್ದರೆ ರೋಗಕ್ಕೆ ಆಹ್ವಾನವಿತ್ತಂತೆ. ಯೂರಿಯಾ ಅತಿಯಾಗಬಾರದು, ಹುಲ್ಲನ್ನು ಬುಡಮಟ್ಟ ಕತ್ತರಿಸಬಾರದು, ಬುಡದಲ್ಲಿ ಸೇರಿದ ಒಣ ಕಸ ತೆಗೆಯಬೇಕು, ನೀರು ನಿಲ್ಲದಂತೆ ನೋಡಿಕೊಳ್ಳಬೇಕು. ಇಷ್ಟಾದರೆ ಔಷಧಿ ಹೊಡೆಯುವ ಪ್ರಮೇಯ ಬಹುಪಾಲು ಬಾರದು. ಅಡಿಕೆ ತೋಟದಲ್ಲಿ ಕೋಲ್ಮನ್ ಹಿಡಿದ ಹಾದಿಯೂ ಇದೇ.

1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದ ಅವರು 1954ರಲ್ಲಿ ನಿಧನರಾದರು. ಹೆಬ್ಬಾಳದ ಪುಟ್ಟ ಶಾಲೆ 1946ರಲ್ಲಿ ಕಾಲೇಜಾಯಿತು. 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೇ ಸ್ಥಾಪನೆಯಾಯಿತು. ಕೊಳೆರೋಗ ಅಳಿದಿಲ್ಲ, ಮಳೆ ಜೋರಾದ ವರ್ಷ ಇಂದಿಗೂ ತೋಟಗಳನ್ನು ನಡುಗಿಸುತ್ತದೆ. ಆದರೆ ಮುಂಗಾರಿನ ಹೊಸ್ತಿಲಲ್ಲಿ ಮಲೆನಾಡಿನ ಅಂಗಳಗಳಲ್ಲಿ ನೀಲಿ ದ್ರಾವಣ ಕದಡುವ ಕೆಲಸ ಶತಮಾನ ಕಳೆದರೂ ನಿಂತಿಲ್ಲ. ಅದನ್ನು ಕಲಿಸಿದವರ ಹೆಸರನ್ನು ಅರಿತವರು ಮಾತ್ರ ಕಡಿಮೆ.