ಬೆನೆಗಲ್ ನರಸಿಂಗರಾಯರ ಜೀವಿತ

ಚನ್ನರಾಯಪಟ್ಟಣದ ಸೀಮೆಯಲ್ಲಿ ಕೆರೆಯ ಏರಿಯನ್ನು ಕಾಣದವರಿಲ್ಲ. ಏರಿಯು ಭದ್ರವಾಗಿದ್ದರೆ ನೀರು ಪೈರನ್ನು ಸಾಕುವದು; ಒಡೆದರೆ ಅದೇ ನೀರು ಪೈರನ್ನು ಕೊಚ್ಚಿಕೊಂಡು ಹೋಗುವದು. ಆಳುವವರ ಅಧಿಕಾರವೂ ಅಂಥದೇ. ನಮ್ಮ ದೇಶದ ರಾಷ್ಟ್ರಪತಿಯ ಅಧಿಕಾರಕ್ಕೆ ಮೇರೆಯನ್ನು ಹಾಕಿದವರಲ್ಲಿ ನಮ್ಮ ಕರಾವಳಿಯವರೊಬ್ಬರು ಇದ್ದರು.

ನರಸಿಂಗರಾಯರು 1887ನೆಯ ಇಸವಿ ಫೆಬ್ರವರಿ 26ರಲ್ಲಿ ಮಂಗಳೂರಿನಲ್ಲಿ ವೈದ್ಯರೊಬ್ಬರ ಮಗನಾಗಿ ಹುಟ್ಟಿದರು. ಅಲ್ಲಿಯ ಕೆನರಾ ಹೈಸ್ಕೂಲಿನಲ್ಲಿಯೂ, ಮದರಾಸಿನಲ್ಲಿಯೂ, ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿಯೂ ಓದಿ, ಸಿವಿಲ್ ಸರ್ವಿಸಿಗೆ ಸೇರಿ, ಕಲ್ಕತ್ತೆಯ ಹೈಕೋರ್ಟಿನಲ್ಲಿ ನ್ಯಾಯಾಧೀಶರಾದರು. 1941ರಲ್ಲಿ ಹಿಂದೂ ಕಾನೂನಿನ ಸಮಿತಿಗೆ ಇವರೇ ಅಧ್ಯಕ್ಷರಾದರು. ಸ್ತ್ರೀಯರಿಗೂ ಆಸ್ತಿಯಲ್ಲಿ ಹಕ್ಕು ದೊರೆಯತಕ್ಕದ್ದೆಂಬ ಮಸೂದೆಯು ಈ ಸಮಿತಿಯ ಪ್ರಯಾಸದಿಂದ ಹುಟ್ಟಿತು.

1946ರಲ್ಲಿ ರಾಯರು ರಾಜ್ಯಾಂಗ ರಚನಾ ಸಭೆಯ ಸಲಹೆಗಾರರಾಗಿ, ಮರುವರುಷ ಅಕ್ಟೋಬರಿನಲ್ಲಿ ರಾಜ್ಯಾಂಗದ ಮೊದಲ ಕರಡನ್ನು ಒಪ್ಪಿಸಿದರು. ಡಾಕ್ಟರ್ ಅಂಬೇಡ್ಕರರ ಸಮಿತಿಯು ಅದನ್ನು ಪರಿಶೋಧಿಸಿ ತಿದ್ದಿತು. ರಾಷ್ಟ್ರಪತಿಯು ಕೆಲವು ವಿಷಯಗಳಲ್ಲಿ ತನ್ನ ವಿವೇಚನೆಯಂತೆಯೇ ನಡೆಯಬಹುದೆಂಬದು ಮೊದಲು ರಾಯರ ಅಭಿಪ್ರಾಯವಾಗಿತ್ತು. ಸಭೆಯ ಹಿರಿಯರು ಅದಕ್ಕೆ ಒಪ್ಪದೆ, ಲೋಕಸಭೆಗೆ ಉತ್ತರವಾದಿಗಳಾದ ಮಂತ್ರಿಗಳ ಆಲೋಚನೆಯಂತೆ ಆತನು ನಡೆಯಬೇಕೆಂದು ನಿಶ್ಚಯಿಸಿದರು. ರಾಯರು ಹಟ ಹಿಡಿಯದೆ ಆ ತೀರ್ಮಾನಕ್ಕೆ ತಲೆಬಾಗಿದರು. ರಾಜ್ಯಾಂಗವನ್ನು ಮೀರಿದ ರಾಷ್ಟ್ರಪತಿಯನ್ನು ಪಾರ್ಲಿಮೆಂಟಿನ ಎರಡು ಸದನಗಳು ಮೂರರಲ್ಲಿ ಎರಡು ಪಾಲು ಸದಸ್ಯರ ಮತದಿಂದ ತೆಗೆದುಹಾಕಬಹುದೆಂಬ ವಿಧಿಯೂ ಸೇರಿತು.

ಈ ಮೇರೆಗೆ ಬೇಗನೆ ಶೋಧನೆ ಬಂದಿತು. 1951ರಲ್ಲಿ ಮೇಲೆ ಹೇಳಿದ ಮಸೂದೆಯೇ ಪಾರ್ಲಿಮೆಂಟಿನ ಮುಂದಿತ್ತು. ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು ಸಜ್ಜನರು. ಆದರೂ ಆ ಮಸೂದೆಯು ಅವರಿಗೆ ಒಪ್ಪಿಗೆಯಾಗದೆ, ತಾವು ಸ್ವಂತ ವಿವೇಚನೆಯಿಂದ ನಡೆಯಬಯಸುವದಾಗಿ ಪ್ರಧಾನಿ ನೆಹರೂರವರಿಗೆ ಬರೆದರು. ನೆಹರೂರವರು ಕಾನೂನು ಪಂಡಿತರನ್ನು ವಿಚಾರಿಸಲಾಗಿ, ರಾಷ್ಟ್ರಪತಿಯು ಮಂತ್ರಿಗಳ ಸಲಹೆಗೆ ಬದ್ಧನೆಂದು ಅವರು ತಿಳಿಸಿದರು. ಆ ಮಸೂದೆಯು ಬಿಡಿಬಿಡಿಯಾಗಿ ಕಾನೂನಾದಾಗ, 1955ರಲ್ಲಿಯೂ 1956ರಲ್ಲಿಯೂ ಅದೇ ರಾಷ್ಟ್ರಪತಿಗಳು ಅಂಕಿತ ಹಾಕಿದರು.

ರಾಯರು ಅದನ್ನು ಕಾಣಲಿಲ್ಲ. ಹೇಗ್ ಪಟ್ಟಣದ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿದ್ದಾಗಲೇ, 1953ನೆಯ ನವೆಂಬರ್ 30ರಲ್ಲಿ ಅವರು ತೀರಿಕೊಂಡರು. ಮುಂದೆ 1974ರಲ್ಲಿ ಸುಪ್ರೀಂ ಕೋರ್ಟು ಈ ನಿಯಮವನ್ನು ಎತ್ತಿಹಿಡಿಯಿತು. 1976ರಲ್ಲಿ ಅದು ರಾಜ್ಯಾಂಗದಲ್ಲಿ ಸ್ಪಷ್ಟವಾಗಿ ಬರೆಯಲ್ಪಟ್ಟಿತು. ರಾಷ್ಟ್ರಪತಿಯು ಸಲಹೆಯನ್ನು ಒಂದು ಸಾರಿ ಪುನರಾಲೋಚನೆಗೆ ಹಿಂದಿರುಗಿಸಬಹುದೆಂದು 1978ರಲ್ಲಿ ಕೂಡಿಸಲಾಯಿತು.

ವಾಚಕರೇ, ದುಷ್ಟರಿಗೆ ಮಾತ್ರ ಕಾನೂನು ಬೇಕೆಂದು ನಾವು ನೆನಸುತ್ತೇವೆ. ಸಜ್ಜನನ ಕೈಯಲ್ಲಿರುವ ಅಧಿಕಾರಕ್ಕೂ ಏರಿಯು ಬೇಕೆಂಬದನ್ನು ಈ ಚರಿತ್ರೆಯಿಂದ ಕಲಿಯೋಣ.