ಒಲೆಯಲ್ಲಿ ಕಾಲಿಟ್ಟ ಮೋಹಿನಿ ಮತ್ತು ನನ್ನ ಡಿಬೇಟ್ ಬಹುಮಾನ

ಹೋದ ಸೆಮಿಸ್ಟರಿನಲ್ಲಿ ನಮ್ಮ ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ ಬಂತು. ಫ್ಯಾಂಟಸಿ ಸಿನಿಮಾಗಳು ವೈಜ್ಞಾನಿಕ ಮನೋಭಾವಕ್ಕೆ ಮಾರಕವೇ ಎಂಬುದು ವಿಷಯ. ಮಾರಕ ಎಂದು ವಾದಿಸಿದವನು ನಾನು. ‘ಕಲ್ಕಿ 2898 ಎಡಿ’ ಬಂದಾಗಿನಿಂದ ನಮ್ಮ ಕ್ಲಾಸಿನಲ್ಲಿ ಇದೇ ಜಗಳ. ಅದು ಸೈನ್ಸ್ ಫಿಕ್ಷನ್ನೋ ಪುರಾಣವೋ, ಮಾತಾಡುವ ಕಾರಿಗೂ ಅಶ್ವತ್ಥಾಮನಿಗೂ ಏನು ಸಂಬಂಧ ಎಂದು ಕ್ಯಾಂಟೀನಿನಲ್ಲಿ ಚಹಾ ಆರಿಹೋಗುವವರೆಗೆ ವಾದಿಸಿದ್ದೇವೆ. ಹಾಗಾಗಿ ಸ್ಪರ್ಧೆಗೆ ಬೇರೆ ತಯಾರಿ ಬೇಕಾಗಲಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದ್ದನ್ನು ಹೇಳಿದೆ. ಅಂಥ ನಾಡಿನಲ್ಲಿ ಇವತ್ತು ಕೋಟಿಗಟ್ಟಲೆ ಸುರಿದು ಮಾಡುತ್ತಿರುವುದೆಲ್ಲ ಹಳೆಯ ವಿಠಲಾಚಾರ್ಯ ಸಿನಿಮಾಕ್ಕೆ ಹೊಸ ಸುಣ್ಣ ಬಳಿದದ್ದು ಅಷ್ಟೇ ಎಂದೆ. ಸಭೆ ನಕ್ಕಿತು. ಚಪ್ಪಾಳೆ ಬಿತ್ತು.

ಪ್ರಮಾಣಪತ್ರ ಕೊಡುವಾಗ ತೀರ್ಪುಗಾರರಾಗಿದ್ದ ಮೇಡಂ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು. ವಿಠಲಾಚಾರ್ಯರ ಯಾವ ಸಿನಿಮಾ ನೋಡಿದ್ದೀಯಪ್ಪ ಅಂತ. ನಾನು ಒಂದನ್ನೂ ನೋಡಿರಲಿಲ್ಲ. ಆ ಹೆಸರು ನನಗೆ ಬೈಗುಳವಾಗಿ ಮಾತ್ರ ಗೊತ್ತಿತ್ತು. ಯಾವುದಾದರೂ ಸಿನಿಮಾದಲ್ಲಿ ಹೀರೊ ಒಂದೇ ಏಟಿಗೆ ಇಪ್ಪತ್ತು ಮಂದಿಯನ್ನು ಹಾರಿಸಿದರೆ ಅದು ವಿಠಲಾಚಾರ್ಯ ಸಿನಿಮಾ, ಅಷ್ಟೇ ತಿಳಿವಳಿಕೆ. ಆತ ತೆಲುಗಿನವರೇ ಇರಬೇಕೆಂದು ಕೂಡ ನಂಬಿದ್ದೆ. ಏನೂ ಹೇಳದೆ ಫೋಟೊಗೆ ನಗುತ್ತ ನಿಂತೆ. ಆ ಫೋಟೊ ನಮ್ಮ ಮನೆಯ ಗೋಡೆಯ ಮೇಲಿದೆ, ನೋಡಿದಾಗಲೆಲ್ಲ ಮುಜುಗರ.

ಬಾಗಲಕೋಟೆಯಿಂದ ತುಳಸಿಗೇರಿಗೆ ಮರಳುವ ಬಸ್ಸಿನಲ್ಲಿ ಅವತ್ತೇ ಹುಡುಕಲು ಶುರು ಮಾಡಿದೆ. ಹುಡುಕುತ್ತ ಹೋದಂತೆ ನಾನು ವೇದಿಕೆಯ ಮೇಲೆ ಆಡಿದ ಮಾತು ಚುಚ್ಚತೊಡಗಿತು.

ಬಿ. ವಿಠಲಾಚಾರ್ಯ ಹುಟ್ಟಿದ್ದು 1920ರಲ್ಲಿ, ಉಡುಪಿ ಹತ್ತಿರದ ಉದ್ಯಾವರದಲ್ಲಿ. ತಂದೆ ಆಯುರ್ವೇದ ವೈದ್ಯರು, ರೋಗಿಗಳಿಂದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲವಂತೆ. ಹುಡುಗನಿಗೆ ಬಯಲಾಟದ ಹುಚ್ಚು. ಓದು ಮೂರನೇ ಇಯತ್ತೆಗೇ ನಿಂತಿತು. ಇನ್ನೂ ಚಿಕ್ಕವನಿರುವಾಗಲೇ ಮನೆ ಬಿಟ್ಟು ಅರಸೀಕೆರೆಗೆ ಬಂದ. ಸಿಕ್ಕ ಸಿಕ್ಕ ಕೆಲಸ ಮಾಡಿದ. ಕೊನೆಗೆ ಸಂಬಂಧಿಕರೊಬ್ಬರ ಹೋಟೆಲನ್ನು ತಾನೇ ತೆಗೆದುಕೊಂಡು ಚೆನ್ನಾಗಿ ನಡೆಸಿದ. ಕರಾವಳಿಯ ಎಷ್ಟೋ ಹುಡುಗರ ಕಥೆ ಇಲ್ಲಿಗೆ ಮುಗಿಯುತ್ತದೆ, ಇವರದೂ ಮುಗಿಯಬಹುದಿತ್ತು. ಆದರೆ 1942ರ ಕ್ವಿಟ್ ಇಂಡಿಯಾ ಚಳವಳಿಗೆ ಗೆಳೆಯರೊಂದಿಗೆ ಇಳಿದು ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಜೈಲಿನಲ್ಲಿ ಜೊತೆಗಿದ್ದ ಗೆಳೆಯರನ್ನೇ ಕಟ್ಟಿಕೊಂಡು ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ಶುರು ಮಾಡಿದರು.

ನನ್ನ ಪಾಲಿಗೆ ಅವರ ಜೀವನದ ಅತಿ ಮುಖ್ಯ ಭಾಗ ಇದೇ. ನಮ್ಮ ವಯಸ್ಸಿನವರು ಟೆಂಟ್ ಟಾಕೀಸ್ ನೋಡಿಲ್ಲ. ಊರ ಹೊರಗಿನ ಬಯಲಿನಲ್ಲಿ ಡೇರೆ, ಮುಂದೆ ನೆಲದ ಮೇಲೆ ಕೂರುವವರು, ಹಿಂದೆ ಬೆಂಚಿನವರು. ಸಾಮಾನ್ಯವಾಗಿ ಒಂದೇ ಪ್ರೊಜೆಕ್ಟರ್. ಸಾವಿರ ಅಡಿಯ ಒಂದು ರೀಲು ಓಡುವುದು ಸುಮಾರು 11 ನಿಮಿಷ. ಅದು ಮುಗಿದರೆ ಇನ್ನೊಂದು ರೀಲು ಹಾಕುವ ತನಕ ಕತ್ತಲು, ಗದ್ದಲ. ವಿಠಲಾಚಾರ್ಯರು ತಮ್ಮ ಡೇರೆಗೆ ಬಂದ ಪ್ರತಿ ಸಿನಿಮಾವನ್ನೂ ಬಿಡದೆ ನೋಡಿದರು. ಫಿಲ್ಮ್ ಇನ್‌ಸ್ಟಿಟ್ಯೂಟ್ ಎಂಬುದೇ ಇಲ್ಲದ ಕಾಲದಲ್ಲಿ ಅದೇ ಅವರ ಕಾಲೇಜು. ಡೇರೆಯ ಮಾಲೀಕನಿಗೆ ಇನ್ನೊಂದು ಅನುಕೂಲವೂ ಇರುತ್ತದೆ. ಪರದೆಗಿಂತ ಹೆಚ್ಚಾಗಿ ಜನರನ್ನು ನೋಡಬಹುದು. ಯಾವ ಜಾಗಕ್ಕೆ ಸಿಳ್ಳೆ, ಯಾವಾಗ ಬೀಡಿ ಸೇದಲು ಎದ್ದು ಹೋಗುತ್ತಾರೆ, ಯಾವ ದೃಶ್ಯಕ್ಕೆ ತಾಯಂದಿರು ಮಗುವಿನ ಕಣ್ಣು ಮುಚ್ಚಿ ತಾವು ಬಿಟ್ಟುಕೊಂಡು ನೋಡುತ್ತಾರೆ. ಇವೆಲ್ಲ ಅವರ ಕಣ್ಣಿಗೆ ಬೀಳದೆ ಇದ್ದಿರಲಾರವು ಎಂದು ನನ್ನ ಊಹೆ.

ನಂತರ ಮೈಸೂರು. ಅಲ್ಲಿ ಡಿ. ಶಂಕರ್ ಸಿಂಗ್ ಮತ್ತಿತರ ಗೆಳೆಯರ ಜೊತೆ ಸೇರಿ ಮಹಾತ್ಮ ಪಿಕ್ಚರ್ಸ್ ಕಟ್ಟಿದರು. ‘ಮುತ್ತಿನ ಹಾರ’ ಮಾಡಿದ ರಾಜೇಂದ್ರ ಸಿಂಗ್ ಬಾಬು ಇದೇ ಶಂಕರ್ ಸಿಂಗ್ ಅವರ ಮಗ. ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಸಿನಿಮಾ ಬರುತ್ತಿದ್ದ ದಿನಗಳಲ್ಲಿ ಈ ಸಂಸ್ಥೆ ಒಂದರ ಮೇಲೊಂದು ಚಿತ್ರ ತೆಗೆಯಿತು. 1949ರಲ್ಲಿ ‘ನಾಗಕನ್ನಿಕಾ’, 1951ರಲ್ಲಿ ಶಂಕರ್ ಸಿಂಗ್ ನಿರ್ದೇಶನದ ‘ಜಗನ್ಮೋಹಿನಿ’. ನೂರು ದಿನ ಓಡಿದ ಮೊದಲ ಕನ್ನಡ ಚಿತ್ರ ಎಂಬ ಹೆಗ್ಗಳಿಕೆ ಆ ‘ಜಗನ್ಮೋಹಿನಿ’ಯದು. ಮಂತ್ರ, ಮಾಯೆ, ನಾಗಲೋಕ ಇದ್ದರೆ ಜನ ಬರುತ್ತಾರೆ ಎಂಬುದು ಟೂರಿಂಗ್ ಟಾಕೀಸಿನವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

1953ರ ಹೊತ್ತಿಗೆ ಅವರು ಬೇರೆಯಾಗಿ ವಿಠಲ್ ಪ್ರೊಡಕ್ಷನ್ಸ್ ಆರಂಭಿಸಿ, ಸ್ಟುಡಿಯೊಗಳಿದ್ದ ಮದ್ರಾಸಿಗೆ ಹೋದರು. ಅವರು ಬರೀ ದೆವ್ವದ ಸಿನಿಮಾ ಮಾಡಿದವರು ಎಂಬುದೂ ಪೂರ್ತಿ ಸರಿಯಲ್ಲ. ‘ಕನ್ಯಾದಾನ’, ರಾಜ್‌ಕುಮಾರ್ ನಟಿಸಿದ ‘ಮನೆ ತುಂಬಿದ ಹೆಣ್ಣು’ ಸಾಮಾಜಿಕ ಚಿತ್ರಗಳು. ‘ಕನ್ಯಾದಾನ’ವನ್ನು ತೆಲುಗಿಗೂ ತಂದರು, ಅಲ್ಲಿಂದ ಆ ಭಾಷೆಯೇ ಅವರ ಮನೆಯಾಯಿತು. 1963ರಲ್ಲಿ ಎನ್.ಟಿ. ರಾಮರಾವ್ ಅವರೊಂದಿಗೆ ತೆಲುಗಿನಲ್ಲಿ ‘ಬಂದಿಪೋಟು’, ಅದೇ ಕಥೆಯನ್ನು ರಾಜ್‌ಕುಮಾರ್ ಅವರೊಂದಿಗೆ ಕನ್ನಡದಲ್ಲಿ ‘ವೀರಕೇಸರಿ’. ನಮ್ಮಪ್ಪ ಗುನುಗುವ ‘ವೀರಕೇಸರಿ’ಯ ಹಾಡಿನ ಹಿಂದೆಯೂ ನಾನು ಗೇಲಿ ಮಾಡಿದ ಮನುಷ್ಯನೇ ಇದ್ದರು. ಎಲ್ಲ ಸೇರಿ ಸುಮಾರು 70 ಸಿನಿಮಾ. ತೆಲುಗಿನವರು ಅವರನ್ನು ಜಾನಪದ ಬ್ರಹ್ಮ ಎಂದು ಕರೆದರು.

ಖರ್ಚಿನ ವಿಷಯದಲ್ಲಿ ಬಹಳ ಬಿಗಿ. ಒಂದೇ ಅರಮನೆ ಸೆಟ್ಟಿನ ಕಂಬ, ಪರದೆ ಬದಲಿಸಿ ಅದನ್ನು ಇನ್ನೊಂದು ರಾಜನ ಅರಮನೆ ಮಾಡುತ್ತಿದ್ದರಂತೆ. ಶೂಟಿಂಗಿಗೆ ಸರಿಯಾಗಿ ಬರದೆ ಸತಾಯಿಸುವ ನಟನಿದ್ದರೆ ಕಥೆಯಲ್ಲಿ ಒಬ್ಬ ಋಷಿಯಿಂದ ಶಾಪ ಕೊಡಿಸಿ, ಆ ಪಾತ್ರವನ್ನು ಗಿಣಿಯನ್ನೋ ಮೇಕೆಯನ್ನೋ ಮಾಡಿ ಉಳಿದ ಸಿನಿಮಾ ಮುಗಿಸುತ್ತಿದ್ದರು ಎಂಬುದು ಸಿನಿಮಾ ಮಂದಿಯೆಲ್ಲ ಹೇಳುವ ಕಥೆ. ನಿಜವೋ ಸುಳ್ಳೋ, ಪ್ರಾಜೆಕ್ಟ್ ಗ್ರೂಪಿನಲ್ಲಿ ಕೆಲಸ ಮಾಡದವರಿಗೆ ಹೀಗೆ ಮಾಡುವಂತಿದ್ದರೆ ಎಷ್ಟು ಚೆನ್ನಾಗಿತ್ತು.

ಇಷ್ಟು ಓದಿದ ಮೇಲೆ ಒಂದು ಶನಿವಾರ ಅವರು 1978ರಲ್ಲಿ ತೆಲುಗಿನಲ್ಲಿ ಮಾಡಿದ ‘ಜಗನ್ಮೋಹಿನಿ’ಯನ್ನು ಫೋನಿನಲ್ಲಿ ಹಚ್ಚಿದೆ. ಶನಿವಾರ ನಮ್ಮೂರಲ್ಲಿ ಹನಮಪ್ಪನ ದರ್ಶನಕ್ಕೆ ಬಂದವರ ಗಾಡಿಗಳದೇ ಗದ್ದಲ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಗುಡಿಗೆ ಹೋಗಿ ಬಂದು ಪಕ್ಕದಲ್ಲಿ ಕೂತಳು. ಅವಳಿಗೆ ತೆಲುಗು ಬರುವುದಿಲ್ಲ, ನನಗೂ ಅಷ್ಟಕ್ಕಷ್ಟೇ. ಆ ಸಿನಿಮಾದಲ್ಲಿ ತುಂಬ ಹೆಸರಾದ ದೃಶ್ಯವೊಂದಿದೆ. ಮನುಷ್ಯರ ಮನೆ ಸೇರಿಕೊಂಡ ಮೋಹಿನಿ ಅಡುಗೆಗೆ ಕೂತು, ಕಟ್ಟಿಗೆಯ ಬದಲು ತನ್ನ ಕಾಲುಗಳನ್ನೇ ಒಲೆಯೊಳಗೆ ಚಾಚುತ್ತಾಳೆ. ಕಾಲು ಕಟ್ಟಿಗೆಯಂತೆ ಉರಿಯುತ್ತದೆ. ಆಯಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಗ್ಯಾಸಿನ ರೇಟ್ ಹಿಂಗ ಏರಿದರ ನಾವೂ ಇದನ್ನ ಮಾಡಬೇಕಾಗತೈತಿ ಎಂದಳು.

ನಾನು ನನ್ನ ಬಹುಮಾನದ ಭಾಷಣ ಬಿಚ್ಚಿದೆ. ಇಂಥದ್ದನ್ನು ನೋಡಿ ನೋಡಿಯೇ ಜನ ದೆವ್ವ ಭೂತ ನಂಬುವುದು ಅಂದೆ. ಆಯಿಗೆ ಅದು ಸಿಟ್ಟು ತರಿಸಿತು. ಅವಳು ಸಣ್ಣವಳಿದ್ದಾಗ ಊರಲ್ಲಿ ದೊಡ್ಡಾಟ ಆಡುತ್ತಿದ್ದರು. ರಾಕ್ಷಸನ ಪಾತ್ರದವನು ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಟ್ಟದ ಮೇಲೆ ಕುಣಿದರೆ ಹಲಗೆ ಮುರಿಯುವಂತಿರುತ್ತಿತ್ತು, ಹುಡುಗರು ಕಿರುಚಿ ತಾಯಿಯ ಬೆನ್ನ ಹಿಂದೆ ಅಡಗುತ್ತಿದ್ದರು. ಬೆಳಗಾದರೆ ಅದೇ ಮನುಷ್ಯ ಮುಖದ ಬಣ್ಣ ಪೂರ್ತಿ ಹೋಗದೆ ಇವರ ಮನೆಗೆ ಮಜ್ಜಿಗೆ ಕೇಳಲು ಬರುತ್ತಿದ್ದ. ಯಾವ ಹುಡುಗ ಅವನಿಗೆ ಹೆದರಿದ್ದ ಎಂದು ಆಯಿ ನನ್ನನ್ನೇ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ಆಯಿ ಅದಕ್ಕೂ ಹಿಂದಿನ ತಿಂಗಳು ಮೋಸ ಹೋಗಿದ್ದಳು. ಸಂಬಂಧಿಕರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಕಲ್ಲಿನ ಹನುಮಂತ ಕಣ್ಣು ಬಿಟ್ಟು ನೋಡುವ ವಿಡಿಯೊ ಬಂದಿತ್ತು. ಎಐ ತಯಾರಿಸಿದ್ದು ಎಂಬುದು ನಮ್ಮಂಥವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಆಯಿ ಫೋನಿಗೇ ಕೈ ಮುಗಿದಿದ್ದಳು. ಅದು ಆಟವೆಂದು ಬಂದಿರಲಿಲ್ಲ, ಸುದ್ದಿಯೆಂದು ಬಂದಿತ್ತು. ನರಸಿಂಹಯ್ಯನವರ ಸಮಿತಿ ಪರೀಕ್ಷಿಸಲು ಹೊರಟದ್ದು ತಮಗೆ ಶಕ್ತಿ ಇದೆ ಎಂದು ಹೇಳಿಕೊಳ್ಳುವವರನ್ನು. ಟಿಕೆಟ್ ಹರಿದು ಕೊಟ್ಟು, ಕತ್ತಲು ಮಾಡಿ, ಕೊನೆಗೆ ದೀಪ ಹಾಕಿ ಮನೆಗೆ ಕಳಿಸುವವರನ್ನು ಅಲ್ಲ. ನಾನು ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಬಹುಮಾನ ಹೊಡೆದಿದ್ದೆ.

ಇನ್ನು ವಿಜ್ಞಾನದ ಮಾತು. ಅಂದಿನ ಮಾಯೆಯೆಲ್ಲ ಬಹುಪಾಲು ಕ್ಯಾಮೆರಾ ಒಳಗೇ ನಡೆಯಬೇಕಿತ್ತು. ಮನುಷ್ಯ ಮಾಯವಾಗಬೇಕಾದರೆ ಕ್ಯಾಮೆರಾ ಅಲುಗಾಡದಂತೆ ನಿಲ್ಲಿಸಿ, ನಟನನ್ನು ಆಚೆ ಕಳಿಸಿ, ಮತ್ತೆ ಓಡಿಸಬೇಕು. ಫ್ರಾನ್ಸಿನ ಜಾರ್ಜ್ ಮೆಲಿಯೆ 1902ರಲ್ಲಿ ಚಂದ್ರಲೋಕಕ್ಕೆ ಹೋಗುವ ಸಿನಿಮಾ ಮಾಡಿದಾಗಲೂ ಇದೇ ಉಪಾಯ. ಒಬ್ಬನೇ ನಟ ಎರಡು ಕಡೆ ಕಾಣಬೇಕಾದರೆ ಲೆನ್ಸಿನ ಅರ್ಧಕ್ಕೆ ಕಪ್ಪು ತಗಡು ಅಡ್ಡ ಹಿಡಿದು ಚಿತ್ರೀಕರಿಸಿ, ಫಿಲ್ಮನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೆ ಚಿತ್ರೀಕರಿಸಬೇಕು. ಸೆಕೆಂಡಿಗೆ 24 ಫ್ರೇಮು. ಹತ್ತು ಸೆಕೆಂಡಿನ ದೃಶ್ಯಕ್ಕೆ 240 ಫ್ರೇಮು ಎಣಿಸಿ ಹಿಂದೆ ಸುತ್ತಬೇಕು, ತಪ್ಪಿದ್ದು ಗೊತ್ತಾಗುವುದು ಲ್ಯಾಬಿನಿಂದ ತೊಳೆದು ಬಂದ ಮೇಲೆ. ನಮಗಿರುವ ಅನ್‌ಡು ಬಟನ್ ಅವರಿಗಿರಲಿಲ್ಲ.

ನನಗೆ ಬಹಳ ಹಿಡಿಸಿದ್ದು ಮಿನಿಯೇಚರ್ ಲೆಕ್ಕ. ಬೀಳುವ ವಸ್ತುವಿಗೆ ಹಿಡಿಯುವ ಕಾಲ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಇರುತ್ತದೆ, ಪಿಯುಸಿಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇ. ಅರಮನೆಯ ಗೋಪುರವನ್ನು ಹದಿನಾರರಲ್ಲಿ ಒಂದು ಪಾಲು ಗಾತ್ರಕ್ಕೆ ಮಾಡಿ ಬೀಳಿಸಿದರೆ ಅದು ನಾಲ್ಕು ಪಟ್ಟು ಬೇಗ ನೆಲ ಮುಟ್ಟುತ್ತದೆ, ನೋಡುವವನಿಗೆ ಆಟಿಕೆ ಎಂದು ತಿಳಿದುಬಿಡುತ್ತದೆ. ಅದಕ್ಕೇ ಸೆಕೆಂಡಿಗೆ 96 ಫ್ರೇಮಿನಲ್ಲಿ ಚಿತ್ರೀಕರಿಸಿ 24ರಲ್ಲಿ ತೋರಿಸಬೇಕು. ಆಗ ಗೋಪುರಕ್ಕೆ ತೂಕ ಬರುತ್ತದೆ. ಸುಳ್ಳು ಗೋಪುರ ನಿಜವೆನಿಸಬೇಕಾದರೂ ಗುರುತ್ವಾಕರ್ಷಣೆಗೆ ನಿಯತ್ತಾಗಿರಬೇಕು. ಟ್ರಿಕ್ ಛಾಯಾಗ್ರಾಹಕರಿಗೆ ಇದು ಕೈಗೆ ಬಂದ ಲೆಕ್ಕ. ನಾನು ಪರೀಕ್ಷೆಯಲ್ಲಿ ಬರೆದು ಮರೆತಿದ್ದೆ.

ಹಾಗಂತ ಅವರ ಸಿನಿಮಾಗಳೆಲ್ಲ ಚೆನ್ನಾಗಿವೆ ಎಂದು ನಾನು ಹೇಳಲಾರೆ. ಆಮೇಲೆ ಇನ್ನೂ ಮೂರು ನೋಡಿದೆ. ಕಥೆ ಹೆಚ್ಚು ಕಡಿಮೆ ಒಂದೇ, ಹೆಣ್ಣು ಪಾತ್ರ ಒಂದೋ ಪತಿವ್ರತೆ ಇಲ್ಲವೇ ಮೋಹಿನಿ, ನಗೆಯ ದೃಶ್ಯಗಳನ್ನು ಓಡಿಸಿಬಿಟ್ಟೆ. 1995ರಲ್ಲಿ ತೆಲುಗಿನಲ್ಲಿ ‘ಅಮ್ಮೋರು’ ಕಂಪ್ಯೂಟರ್ ಗ್ರಾಫಿಕ್ಸ್ ತಂದಾಗ ತಗಡು ಅಡ್ಡ ಹಿಡಿಯುವ ಕಾಲ ಮುಗಿಯುತ್ತ ಬಂದಿತ್ತು. ವಿಠಲಾಚಾರ್ಯರು 1999ರ ಮೇ ತಿಂಗಳಲ್ಲಿ ಚೆನ್ನೈಯಲ್ಲಿ ತೀರಿಕೊಂಡರು. ನಾನು ಹುಟ್ಟುವುದಕ್ಕೆ ಇನ್ನೂ ಆರು ವರ್ಷ ಇತ್ತು.

ದೀಪಾವಳಿ ರಜೆಯಲ್ಲಿ ನಾನು ಒಲೆಯ ದೃಶ್ಯವನ್ನು ನಾನೇ ಮಾಡಿ ನೋಡಲು ಹೊರಟೆ. ಹಿತ್ತಲಲ್ಲಿ ನೀರು ಕಾಯಿಸುವ ಒಲೆ, ಇಟ್ಟಿಗೆಯ ಮೇಲೆ ಇಟ್ಟ ಫೋನು, ಮೋಹಿನಿಯಾಗಿ ತಂಗಿ. ಮೊದಲು ತಂಗಿ ಕಾಲು ಮಡಚಿ ಕೂತ ಶಾಟ್, ಆಮೇಲೆ ಹಳೆಯ ಪೈಜಾಮಕ್ಕೆ ಜೋಳದ ಕಣಕಿ ತುರುಕಿ ಮಾಡಿದ ಕಾಲು ಒಲೆಯಲ್ಲಿ ಉರಿಯುವ ಶಾಟ್. ಎರಡನ್ನೂ ಲ್ಯಾಪ್‌ಟಾಪಿನಲ್ಲಿ ಸೇರಿಸುವುದು. ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದೆ, ಮೂರು ಸಂಜೆ ಹಿಡಿಯಿತು. ಒಂದು ದಿನ ಹೊಗೆ ಅರ್ಧಕ್ಕೇ ಕತ್ತರಿಸಿದಂತೆ ಕಂಡಿತು. ಇನ್ನೊಂದು ದಿನ ಎರಡು ಶಾಟಿನ ನಡುವೆ ಬಿಸಿಲು ಸರಿದು, ಗೋಡೆಯ ಮೇಲಿನ ತಂಗಿಯ ನೆರಳು ಸೊಂಟದ ಹತ್ತಿರ ಎರಡು ತುಂಡಾಯಿತು. ಮೂರನೇ ದಿನ ಕೋಳಿ ಅಡ್ಡ ಬಂತು. ಅದೃಷ್ಟಕ್ಕೆ ಅದರ ಮುಂಭಾಗ ಮಾತ್ರ ಸಿನಿಮಾದಲ್ಲಿದೆ.

ಬರುವ ತಿಂಗಳು ಅಂತರ ಕಾಲೇಜು ಸ್ಪರ್ಧೆ, ವಿಷಯ ಅದೇ. ಗೆದ್ದ ವಾದವೆಂದು ನನ್ನ ಹೆಸರನ್ನು ಮತ್ತೆ ಅದೇ ಪಕ್ಷಕ್ಕೆ ಬರೆದಿದ್ದರು. ಪಕ್ಷ ಬದಲಿಸಿ ಎಂದು ಕೇಳಿಕೊಂಡೆ. ನನ್ನ ಜೊತೆಗಾರ ಅದಕ್ಕೆ ಎರಡು ದಿನದಿಂದ ಮಾತು ಬಿಟ್ಟಿದ್ದಾನೆ. ಗೆಲ್ಲುವ ಕುದುರೆಯಿಂದ ಇಳಿಯುವವನು ಯಾರಾದರೂ ಇದ್ದಾನೆಯೇ ಎಂಬುದು ಅವನ ತಕರಾರು, ತಪ್ಪೆಂದು ಹೇಳಲಾರೆ. ಮನೆಯಲ್ಲಿ ಆಯಿ ಒಣ ಕಟ್ಟಿಗೆ ಕೂಡಿಟ್ಟು, ಮತ್ತೆ ಶೂಟಿಂಗ್ ಯಾವಾಗ ಎಂದು ಕೇಳುತ್ತಿದ್ದಾಳೆ. ತಂಗಿಗೆ ಕೂರಲು ಬರುವುದಿಲ್ಲವಂತೆ, ಈ ಸಲ ಮೋಹಿನಿ ತಾನೇ ಆಗುತ್ತಾಳಂತೆ. ಕಾಲು ಮಾತ್ರ ಕಣಕಿಯದೇ ಇರಲಿ ಎಂದಿದ್ದಾಳೆ.